ಮಾಸ್ತರ ಬಲಗಾಲು

ಸಿಗ್ನಲ್ಲು ಕೆಂಪಾಗಿ, ಮುಂದಿನ ಲಾರಿ ನಿಂತು, ಕಾರು ಕಲಿಯಲು ಬಂದಿದ್ದ ಹಲ್ಲಿನ ಡಾಕ್ಟರು ಮಾತ್ರ ನಿಲ್ಲಿಸದೆ ಹೋಗುತ್ತಲೇ ಇದ್ದಾಗ ಡ್ರೈವಿಂಗ್ ಮಾಸ್ತರು ತಮ್ಮ ಕಾಲಡಿಯ ಬ್ರೇಕನ್ನು ಒತ್ತಿದರು. ಕಾರು ಲಾರಿಯ ಹಿಂಬದಿಗೆ ಗೇಣು ದೂರ ಬಿಟ್ಟು ನಿಂತಿತು. ಅದೇ ಗಳಿಗೆಯಲ್ಲಿ ಯಾರೋ ಮಾಸ್ತರ ಸೊಂಟಕ್ಕೆ ಕಾದ ತಂತಿ ಚುಚ್ಚಿ, ಬಲಗಾಲಿನ ಹಿಮ್ಮಡಿಯ ತನಕ ಸರ್ರನೆ ಎಳೆದ ಹಾಗಾಯಿತು. ಬಾಯಿ ತೆರೆದರು. ಬಯ್ಯುವುದಕ್ಕೆಂದು ತೆರೆದ ಬಾಯಿಂದ ಬಯ್ಗುಳ ಬರಲಿಲ್ಲ, ಕುಯ್ಯೋ ಎಂಬ ಒಂದು ಸಣ್ಣ ಸದ್ದು ಬಂತು.

ಹಲ್ಲಿನ ಡಾಕ್ಟರಿಗೆ ಆ ಸದ್ದು ಚೆನ್ನಾಗಿ ಪರಿಚಯ. ದಿನವಿಡೀ ಕೇಳುವಂಥದ್ದೇ. ಅವರು ಸ್ಟೀರಿಂಗ್ ಬಿಟ್ಟು ಮಾಸ್ತರ ಕಡೆ ತಿರುಗಿ, ಬಾಯಿ ದೊಡ್ಡದಾಗಿ ತೆಗೆಯಿರಿ ಎನ್ನುವವರ ಹಾಗೆ ಮುಖ ಹತ್ತಿರ ತಂದು, ಎಲ್ಲಿ ನೋವು ಎಂದು ಕೇಳಿದರು. ಮಾಸ್ತರು ಮುಂದೆ ನೋಡಿ ಎಂದು ಕೈಸನ್ನೆ ಮಾಡಿದರು. ಹಿಂದಿನಿಂದ ಹಾರ್ನುಗಳು ಶುರುವಾಗಿದ್ದವು.

ಮಾಸ್ತರು ಆ ಊರಿಗೆಲ್ಲ ಗೊತ್ತಿದ್ದ ಮನುಷ್ಯ. ಅರ್ಧ ಊರಿಗೆ ಕಾರು ಕಲಿಸಿದ್ದರು, ಮಿಕ್ಕ ಅರ್ಧಕ್ಕೆ ಅವರ ಬಯ್ಗುಳ ಕಿಟಕಿಯಿಂದ ಕೇಳಿಸಿತ್ತು. ಅವರ ಕಾರಿನಲ್ಲಿ ಕಲಿಯುವವರ ಕೈಗೆ ಸ್ಟೀರಿಂಗ್, ಕಾಲಿಗೆ ಕ್ಲಚ್ಚು. ಪಕ್ಕದ ಸೀಟಿನಲ್ಲಿ ಕೂತ ಮಾಸ್ತರಿಗೆ ತಮ್ಮದೇ ಒಂದು ಬ್ರೇಕು. ಕ್ಲಾಸಿನ ಮೊದಲ ದಿನ ಅವರು ಹೇಳಿಕೊಡುತ್ತಿದ್ದುದು ಒಂದೇ ಮಾತು: ರಸ್ತೆಯಲ್ಲಿ ಯಾರನ್ನೂ ನಂಬಬೇಡಿ. ಎದುರು ಬರುವವನನ್ನು ನಂಬಬೇಡಿ, ಹಿಂದೆ ಬರುವವನನ್ನು ನಂಬಬೇಡಿ, ಮೊದಲಾಗಿ ನಿಮ್ಮನ್ನು ನೀವು ನಂಬಬೇಡಿ. ಕಲಿಯಲು ಬಂದವರು ಈ ಮಾತನ್ನು ಮನಸ್ಸಿಗೆ ಎಷ್ಟು ಹಚ್ಚಿಕೊಳ್ಳುತ್ತಿದ್ದರೆಂದರೆ, ಕೆಲವರು ಲೈಸೆನ್ಸು ಬಂದ ಮೇಲೂ ಕಾರು ಮುಟ್ಟುತ್ತಿರಲಿಲ್ಲ.

ಆ ದಿನ ಮಾಸ್ತರನ್ನು ಮನೆಗೆ ತಲುಪಿಸಿದ್ದು ಹಲ್ಲಿನ ಡಾಕ್ಟರೇ. ಗೇರು ಬದಲಿಸಿ ಎಂದು ಹೇಳುವವರು ಇಲ್ಲದ್ದರಿಂದ ದಾರಿಯುದ್ದಕ್ಕೂ ಫಸ್ಟ್ ಗೇರಿನಲ್ಲೇ ಬಂದರು. ಎಂಜಿನ್ನು ಒಂದು ಕಡೆ ನರಳುತ್ತಿತ್ತು, ಮಾಸ್ತರು ಇನ್ನೊಂದು ಕಡೆ. ಇಳಿಸುವಾಗ ಡಾಕ್ಟರು, ಬಾಗಿ ಬಾಗಿ ಬಾಯೊಳಗೆ ನೋಡುವ ತಮ್ಮ ಕಸುಬಿನವರೆಲ್ಲರ ಬೆನ್ನೂ ಹಾಳಾಗಿದೆಯೆಂದೂ, ಊರಾಚೆ ಒಬ್ಬ ಕೈರೋಪ್ರಾಕ್ಟರ್ ಇದ್ದಾರೆ, ತಮ್ಮನ್ನು ನೆಟ್ಟಗೆ ನಿಲ್ಲಿಸಿದವರು ಅವರೇ ಎಂದೂ ಹೇಳಿದರು. ಮಾಸ್ತರಿಗೆ ಆ ಹೆಸರು ನಾಲಿಗೆ ಮೇಲೆ ಹೊರಳಲಿಲ್ಲ. ಏನು ಮಾಡುತ್ತಾರೆ ಅವರು ಎಂದು ಕೇಳಿದರು. ಬೆನ್ನಿನ ಕೀಲುಗಳನ್ನು ಕೈಯಿಂದಲೇ ಒತ್ತಿ ಸರಿಮಾಡುತ್ತಾರೆ, ಲಟಕ್ ಅಂತ ಸದ್ದು ಬರುತ್ತದೆ ಅಂದರು ಡಾಕ್ಟರು. ಆ ಲಟಕ್ ಎಂಬ ಮಾತು ಕೇಳಿಯೇ ಮಾಸ್ತರು ಆ ವಿಷಯವನ್ನು ಅಲ್ಲಿಗೇ ಬಿಟ್ಟರು.

ಮನೆಯ ಹತ್ತಿರದ ಡಾಕ್ಟರು ಮಾತ್ರೆ ಕೊಟ್ಟರು, ಸ್ಕ್ಯಾನು ಮಾಡಿಸಿದರು. ಬೆನ್ನುಮೂಳೆಗಳ ನಡುವಿನ ಒಂದು ಡಿಸ್ಕು ಸ್ವಲ್ಪ ಉಬ್ಬಿ, ಕಾಲಿಗಿಳಿಯುವ ಸಯಾಟಿಕ್ ನರದ ಬೇರನ್ನು ಕೆಣಕುತ್ತಿದೆ, ಆಪರೇಷನ್ನಿನ ಮಾತು ಈಗ ಬೇಡ, ಸಮಾಧಾನ ಬೇಕು ಅಂದರು. ಸಮಾಧಾನ ಮಾಸ್ತರ ಹತ್ತಿರ ಇರಲಿಲ್ಲ. ಕೂತರೆ ನೋವು, ನಿಂತರೆ ನೋವು, ಸೀನಿದರೆ ಪ್ರಾಣವೇ ಹೋದಂತೆ. ಎದುರುಮನೆಯವರು ನೆಲದ ಮೇಲೆ ಮಲಗಿ ನೋಡಿ ಅಂದರು. ಮಾಸ್ತರು ಮಲಗಿ ನೋಡಿದರು. ಮಲಗುವುದೇನೋ ಆಯಿತು, ಏಳುವುದಕ್ಕೆ ಆಗಲಿಲ್ಲ. ಎದುರುಮನೆಯವರನ್ನೇ ಕರೆದು ಎತ್ತಿಸಬೇಕಾಯಿತು. ಅವತ್ತು ಮಾಸ್ತರ ಹೆಂಡತಿ ಹಲ್ಲಿನ ಡಾಕ್ಟರಿಗೆ ಫೋನು ಮಾಡಿ ಆ ಕೈರೋಪ್ರಾಕ್ಟರರ ವಿಳಾಸ ಕೇಳಿಕೊಂಡಳು.

ಹೋಗುವುದು ಹೇಗೆ ಎನ್ನುವುದು ಮುಂದಿನ ತಾಪತ್ರಯ. ಟ್ಯಾಕ್ಸಿ ಬಂತು. ಮಾಸ್ತರು ಹಿಂದಿನ ಸೀಟಿನಲ್ಲಿ ಓರೆಯಾಗಿ ಒರಗಿಕೊಂಡರು. ಬೀದಿಯ ತಿರುವು ದಾಟುವುದರೊಳಗೆ ಡ್ರೈವರನ ಕ್ಲಚ್ಚಿನ ಬಗ್ಗೆ, ಕನ್ನಡಿಯ ಬಗ್ಗೆ, ಒಂದೇ ಕೈಯಲ್ಲಿ ಸ್ಟೀರಿಂಗ್ ಹಿಡಿಯುವ ಚಟದ ಬಗ್ಗೆ ಅವನಿಗೆ ತಿಳಿಹೇಳಿದರು. ಅವನು ತಾಳ್ಮೆಯ ಮನುಷ್ಯನೇ. ಹಿಂದಕ್ಕೆ ತಿರುಗಿಸಿ ತಂದು, ಎಲ್ಲಿ ಹತ್ತಿಸಿಕೊಂಡಿದ್ದನೋ ಅಲ್ಲೇ ಇಳಿಸಿ, ಮಾಸ್ತರು ಬಿದ್ದಾರೆಂದು ಗೇಟಿನ ತನಕ ಕೈಹಿಡಿದು ನಡೆಸಿ ಹೋದ.

ಹೆಂಡತಿ ಒಳಗೆ ಹೋಗಿ ಕ್ಲಾಸಿನ ಕಾರಿನ ಕೀ ತಂದಳು. ಹಿಂದಿನ ಬಾಗಿಲು ತೆಗೆದು, "ಮಲಕ್ಕೊಳ್ಳಿ," ಅಂದಳು.

"ಯಾರು ಓಡಿಸ್ತಾರೆ?"

"ನಾನು."

ಮಾಸ್ತರಿಗೆ ನಗು ಬಂತು. ನಕ್ಕಿದ್ದಕ್ಕೆ ಸೊಂಟದಿಂದ ಹಿಮ್ಮಡಿಯ ತನಕ ಶಿಕ್ಷೆಯೂ ಆಯಿತು. ಬಹಳ ಹಿಂದೆ, ಮದುವೆಯಾದ ಹೊಸತರಲ್ಲಿ, ಹೆಂಡತಿಗೆ ಕೆಲವು ದಿನ ಕಾರು ಕಲಿಸಿದ್ದರು. ಅವಳಿಗೆ ಧೈರ್ಯ ಸಾಲದೆ ಬಿಟ್ಟಿದ್ದಳು. ಮಾಸ್ತರ ನೆನಪಿನಲ್ಲಿದ್ದುದು ಇಷ್ಟೇ. ಈಗ ಬೇರೆ ದಾರಿಯಿರಲಿಲ್ಲ. ಮೊಣಕಾಲು ಮಡಚಿ ಹಿಂದಿನ ಸೀಟಿನಲ್ಲಿ ಮಲಗಿದರು. ಕಣ್ಣಿಗೆ ಕಾಣುತ್ತಿದ್ದುದು ಕಾರಿನ ಚಾವಣಿ, ಕಿಟಕಿಯ ಮೇಲಂಚಿನಲ್ಲಿ ಓಡುವ ಮರದ ತುದಿಗಳು, ವಿದ್ಯುತ್ ತಂತಿಗಳು. ಕಾಣದಿದ್ದರೇನು, ಕಿವಿಯಿತ್ತಲ್ಲ. ತಪ್ಪು ಹಿಡಿಯಲು ಕಾದರು. ಮೊದಲ ಗೇರು ಹೋಯಿತು, ಸದ್ದಿಲ್ಲ. ಎರಡನೆಯದು, ಮೂರನೆಯದು, ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ. ತಿರುವಿನಲ್ಲಿ ಮೈ ಅತ್ತಿತ್ತ ಹೊರಳಲಿಲ್ಲ. ನಡುನಡುವೆ ಅವಳು ಮೂಗಿನಲ್ಲೇ ಏನೋ ಹಾಡು ಗುನುಗುತ್ತಿದ್ದಳು. ಗಾಡಿ ಓಡಿಸುವಾಗ ಹಾಡಬಾರದು ಎಂದು ಮಾಸ್ತರು ಮಲಗಿದಲ್ಲಿಂದಲೇ ಎಚ್ಚರಿಸಿದರು. ಗುನುಗು ನಿಂತಿತು, ಕಾರೂ ನಿಂತಿತು.

"ಯಾಕೆ ನಿಲ್ಲಿಸಿದೆ?"

"ಬಂತಲ್ಲ," ಅಂದಳು ಹೆಂಡತಿ.

ಕೈರೋಪ್ರಾಕ್ಟರ್ ಎಂದರೆ ಪೈಲ್ವಾನನಂಥ ಗಂಡಸು ಎಂದು ಮಾಸ್ತರು ಎಣಿಸಿದ್ದರು. ಒಳಗಿದ್ದವಳು ಸಣ್ಣ ಆಳಿನ ಒಬ್ಬ ಹೆಂಗಸು, ಮಾತು ಕಡಿಮೆ, ಕನ್ನಡಕದ ಹಿಂದೆ ನಿದ್ದೆಗಣ್ಣಿನಂಥ ಕಣ್ಣು. ಮಾಸ್ತರ ಹೆಂಡತಿ ಬಾಗಿಲಲ್ಲೇ ಆಕೆಯನ್ನು ಡಾಕ್ಟರಮ್ಮ ಅಂದಳು, ಅದೇ ಹೆಸರು ನಿಂತಿತು. ಡಾಕ್ಟರಮ್ಮ ಸ್ಕ್ಯಾನು ನೋಡಿದಳು. ಮಲಗಿಸಿ ಕಾಲು ನೆಟ್ಟಗೆ ಮೇಲಕ್ಕೆತ್ತಿ ಎಲ್ಲಿ ನೋವು ಹಿಡಿಯುತ್ತದೆ ಎಂದು ಕೇಳಿದಳು. ಪಾದಕ್ಕೆ ಜೋಮು ಇದೆಯೇ, ಹೆಬ್ಬೆರಳು ಎತ್ತಲು ಬರುತ್ತದೆಯೇ, ಮೂತ್ರಕ್ಕೆ ತೊಂದರೆಯೇ ಎಂದೆಲ್ಲ ವಿಚಾರಿಸಿದಳು. ಕೊನೆಗೆ ಒಂದು ಕುರ್ಚಿ ತೋರಿಸಿ, ಕೆಲಸ ಮಾಡುವಾಗ ಹೇಗೆ ಕೂರುತ್ತೀರೋ ಹಾಗೇ ಕೂತು ತೋರಿಸಿ ಅಂದಳು.

ಮಾಸ್ತರು ಕೂತರು. ಮೈ ಪಕ್ಕಕ್ಕೆ ತಿರುಚಿ, ಕಣ್ಣು ರಸ್ತೆಯಲ್ಲಿಟ್ಟು, ಬಲಗಾಲನ್ನು ನೆಲದಿಂದ ಒಂದಿಷ್ಟೇ ಮೇಲೆ, ಇಲ್ಲದ ಬ್ರೇಕಿನ ಮೇಲೆ ತೇಲಿಸಿ ಹಿಡಿದರು.

"ಮನೇಲಿ ಹೇಗೆ ಕೂರ್ತೀರ?" ಎಂದಳು ಡಾಕ್ಟರಮ್ಮ.

ಉತ್ತರ ಕೊಟ್ಟಿದ್ದು ಹೆಂಡತಿ. "ಹೀಗೇ. ಊಟಕ್ಕೆ ಕೂತರೂ ಹೀಗೇ, ಟೀವಿ ಮುಂದೂ ಹೀಗೇ. ನಿದ್ದೇಲೂ ಒತ್ತುತಾ ಇರ್ತಾರೆ. ಎರಡು ಹೊದಿಕೆ ಹರಿದುಹೋದ್ವು."

ಡಾಕ್ಟರಮ್ಮ ಮಾಸ್ತರ ಕಾಲನ್ನೇ ನೋಡಿದಳು. "ಈ ಕಾಲು ಕೆಳಗಿಟ್ಟು ಎಷ್ಟು ವರ್ಷ ಆಯ್ತು?" ಅಂದಳು. ತಮಾಷೆಗೆ ಕೇಳಿದಳೋ ನಿಜವಾಗಿ ಕೇಳಿದಳೋ ಮಾಸ್ತರಿಗೆ ತಿಳಿಯಲಿಲ್ಲ.

ಅವಳ ಮೇಜಿನ ತಲೆಯ ಕಡೆ ಒಂದು ತೂತಿತ್ತು. ಬೋರಲು ಮಲಗಿ ಮುಖ ಅದರೊಳಗೆ ಇಳಿಬಿಟ್ಟರೆ ಕಾಣುವುದು ನೆಲ, ನೆಲದ ಮೇಲೆ ಡಾಕ್ಟರಮ್ಮನ ಬೂಟು. ಜಗತ್ತಿನಲ್ಲಿ ಯಾರನ್ನೂ ನಂಬದ ಮನುಷ್ಯ ಈಗ ಒಂದು ಜೊತೆ ಬೂಟನ್ನು ನಂಬಿ ಮಲಗಬೇಕಾಗಿತ್ತು. ಅವಳು ಬೆರಳುಗಳಿಂದ ಬೆನ್ನುಮೂಳೆಯ ಒಂದೊಂದೇ ಮಣಿಯನ್ನು ತಡವುತ್ತ ಇಳಿದಳು. ಆಮೇಲೆ ಎಡಮಗ್ಗುಲಿಗೆ ಮಲಗಿಸಿ, ಮೇಲಿನ ಮೊಣಕಾಲು ಮಡಚಿಸಿ, ಒಂದು ಕೈಯಿಂದ ಭುಜ ಹಿಂದಕ್ಕೆ ಹಿಡಿದು, ಇನ್ನೊಂದು ಅಂಗೈಯನ್ನು ಸೊಂಟದ ಕೆಳಗೆ ಊರಿ, "ಸಡಿಲ ಬಿಡಿ," ಅಂದಳು.

ಮಾಸ್ತರು ಸಡಿಲ ಬಿಟ್ಟೆನೆಂದರು. ಬಿಟ್ಟಿರಲಿಲ್ಲ. ಮೈ ಸಾಗುವಾನಿ ಹಲಗೆಯಾಗಿತ್ತು. ಉಸಿರು ಒಳಗೆಳೆದು ಬಿಡಿ ಅಂದಳು. ಮಾಸ್ತರು ಒಳಗೆಳೆದುಕೊಂಡರು, ಬಿಡಲಿಲ್ಲ. ಬೇರೇನಾದರೂ ಯೋಚಿಸಿ ಅಂದಳು. ಮಾಸ್ತರು ಲಟಕ್ ಎಂಬ ಸದ್ದನ್ನು ಯೋಚಿಸಿದರು. ಡಾಕ್ಟರಮ್ಮ ಕೈ ತೆಗೆದಳು. ಬಿಗಿದುಕೊಂಡವರ ಮೇಲೆ ಬಲವಂತ ಮಾಡುವ ಪದ್ಧತಿ ತನ್ನಲ್ಲಿಲ್ಲ, ಇವತ್ತಿಗೆ ಸ್ನಾಯುಗಳನ್ನಷ್ಟೇ ನೀವಿ ಕಳಿಸುತ್ತೇನೆ ಅಂದಳು. ಬೋರಲು ಮಲಗಿ ಮೊಣಕೈ ಮೇಲೆ ಎದೆಯೆತ್ತುವ ಒಂದು ವ್ಯಾಯಾಮ ಕಲಿಸಿ, ಹೆಚ್ಚು ಹೊತ್ತು ಕೂರಬೇಡಿ, ನಡೆಯಿರಿ ಎಂದಳು.

ಹೀಗೆ ಹೋಗಿ ಬರುವುದು ರೂಢಿಯಾಯಿತು. ಮೇಜಿನ ಮೇಲೆ ಹಲಗೆಯಂತೆ ಬಿಗಿದುಕೊಳ್ಳುತ್ತಿದ್ದ ಮಾಸ್ತರು ಮೇಜಿನಿಂದ ಇಳಿಯುತ್ತಲೇ ಬಾಯಿ ಸಡಿಲ ಬಿಡುತ್ತಿದ್ದರು. ಕೊಚ್ಚಿಕೊಳ್ಳುವುದಕ್ಕೆ ಹೊಸ ವಿಷಯ ಸಿಕ್ಕಿತ್ತು. "ನೋಡಿ ಡಾಕ್ಟರಮ್ಮ, ಇವಳಿಗೆ ಕಲಿಸಿದ್ದು ಬರೀ ನಾಲ್ಕಾರು ದಿನ. ಇಷ್ಟು ವರ್ಷ ಆದ್ಮೇಲೆ ಕೀ ಕೈಗೆ ಕೊಟ್ಟರೆ ಹೂವೆತ್ತಿದ ಹಾಗೆ ಓಡಿಸ್ತಾಳೆ. ಅಡಿಪಾಯ ಹಾಗಿತ್ತು." ಹೋದಾಗಲೆಲ್ಲ ಅಡಿಪಾಯ ಇನ್ನಷ್ಟು ಆಳವಾಗುತ್ತಿತ್ತು. ಕಾಯುವ ಕೋಣೆಯಲ್ಲಿ ಕತ್ತುನೋವಿಗೆ ಬಂದವರಿಗೂ ಅದನ್ನು ಹೇಳಿದರು. ಅದೇ ಉಸಿರಿನಲ್ಲಿ ತಿರುವಿನಲ್ಲಿರುವ ಇನ್ನೊಂದು ಡ್ರೈವಿಂಗ್ ಸ್ಕೂಲಿನವನನ್ನೂ ನೆನೆದರು. ಅವನು ಒಂದು ಕಾಲದಲ್ಲಿ ಮಾಸ್ತರ ಶಿಷ್ಯ, ಆಮೇಲೆ ಅವರಲ್ಲೇ ಕೆಲಸಕ್ಕಿದ್ದವನು. ಕಾರಿನಲ್ಲಿ ರೇಡಿಯೋ ಹಾಕಿಕೊಂಡು ಪಾಠ ಹೇಳುತ್ತಾನೆಂದು ಮಾಸ್ತರೇ ಬಿಡಿಸಿದ್ದರು. ಅವನಿಗೆ ಹಾಡುಗಾರ ಎಂದು ಹೆಸರಿಟ್ಟವರೂ ಅವರೇ. "ಅವನ ಹತ್ರ ಕಲಿತವರಿಗೆ ಪದ್ಯ ಬರತ್ತೆ, ಗೇರು ಬರಲ್ಲ," ಎನ್ನುತ್ತಿದ್ದರು. ಹೆಂಡತಿ ಕಿಟಕಿಯ ಕಡೆ ನೋಡುತ್ತ ಕೂತಿರುತ್ತಿದ್ದಳು.

ಒಂದು ದಿನ ಡಾಕ್ಟರಮ್ಮನ ತಾಳ್ಮೆಯೂ ತೆಳ್ಳಗಾಯಿತು. ಮಾಸ್ತರು ಎಡಮಗ್ಗುಲಾಗಿ ಮಲಗಿದ್ದರು. ಅವಳ ಅಂಗೈ ಜಾಗದಲ್ಲಿತ್ತು. ಸಡಿಲ ಬಿಡಿ, ಇನ್ನೂ ಸಡಿಲ, ಬಲಗಾಲು ನಿಮ್ಮದಲ್ಲ ಅಂದುಕೊಳ್ಳಿ ಎಂದು ಮತ್ತೆ ಮತ್ತೆ ಹೇಳಿ ಸೋತು, ಮೂಲೆಯ ಕುರ್ಚಿಯಲ್ಲಿದ್ದ ಹೆಂಡತಿಯ ಕಡೆ ತಿರುಗಿ, ಇವರ ಗಮನ ಬೇರೆ ಕಡೆ ಹೋಗುವಂಥದ್ದು ಏನಾದರೂ ಮಾತಾಡಿ ಅಂದಳು. ಹೆಂಡತಿ ಮಡಿಲಲ್ಲಿದ್ದ ಕಾರಿನ ಕೀಯನ್ನು ಒಮ್ಮೆ ತಿರುವಿದಳು.

"ರೀ, ನನಗೆ ಡ್ರೈವಿಂಗ್ ಕಲಿಸಿದ್ದು ನೀವಲ್ಲ," ಅಂದಳು. "ಹಾಡುಗಾರ."

ಮಾಸ್ತರ ಬಾಯಿ ತೆರೆಯಿತು. ಕತ್ತು ಬಿಟ್ಟಿತು, ಭುಜ ಬಿಟ್ಟಿತು, ಬಲಗಾಲು ತನ್ನ ಕೆಲಸವನ್ನೇ ಮರೆತು ಮೇಜಿನಂಚಿನಿಂದ ಜೋತುಬಿತ್ತು. ಡಾಕ್ಟರಮ್ಮ ಒಮ್ಮೆ ಒತ್ತಿದಳು. ಸೋಡಾ ಬಾಟಲಿ ತೆರೆದ ಹಾಗೆ ಸದ್ದು ಬಂತು.

"ಬಂತು," ಅಂದಳು ಡಾಕ್ಟರಮ್ಮ, ಆ ಕೋಣೆಯಲ್ಲಿ ಮೊದಲ ಸಲ ಹಲ್ಲು ಕಾಣುವಂತೆ ನಕ್ಕು.

ಮಾಸ್ತರು ಎದ್ದು ಕೂತರು. ಯಾರ ಸಹಾಯವೂ ಇಲ್ಲದೆ ಎದ್ದಿದ್ದು ಅವರ ಗಮನಕ್ಕೇ ಬರಲಿಲ್ಲ. "ಯಾವಾಗ?" ಎಂದು ಕೇಳಿದರು.

ಹೆಂಡತಿ ಸಾವಕಾಶವಾಗಿ ಹೇಳಿದಳು. ಮಾಸ್ತರು ಕಲಿಸುತ್ತಿದ್ದ ದಿನಗಳಲ್ಲಿ ಒಂದು ದಿನ, ದೊಡ್ಡ ಸರ್ಕಲ್ಲಿನ ನಡುವೆ ಕಾರು ಆಫಾಯಿತು. ನಾಲ್ಕೂ ಕಡೆಯಿಂದ ಹಾರ್ನು. ಮಾಸ್ತರು ಇಳಿ ಎಂದು ಕೂಗಿದರು. ಜಾಗ ಬದಲಿಸಿಕೊಳ್ಳಲಿ ಎಂದು ಅವರು ಕೂಗಿದ್ದಿರಬಹುದು. ಅವಳು ಇಳಿದಳು. ಇಳಿದವಳು ನಡೆದುಕೊಂಡೇ ಹೊರಟಳು. "ನೀವು ಹಿಂದೆ ಬರ್ತೀರ ಅಂದ್ಕೊಂಡಿದ್ದೆ. ನಿಮಗೆ ಮುಂದಿನ ಕ್ಲಾಸಿಗೆ ಹೊತ್ತಾಗಿತ್ತು." ಮನೆ ದೂರವಿತ್ತು, ಬಿಸಿಲಿತ್ತು. ತಿರುವಿನಲ್ಲಿ ಹಾಡುಗಾರ ಕಾರು ನಿಲ್ಲಿಸಿ ಅಕ್ಕಾ ಹತ್ತಿ ಅಂದ. ಹತ್ತಿದ ಮೇಲೆ, ಈ ಕಡೆ ಅಲ್ಲ ಅಕ್ಕಾ, ಡ್ರೈವರ್ ಸೀಟಿಗೆ ಬನ್ನಿ ಅಂದ. ಆಮೇಲಿನದನ್ನು ಅವಳು ಸುದ್ದಿ ಓದಿದ ಹಾಗೆ ಒಂದೇ ದನಿಯಲ್ಲಿ ಮುಗಿಸಿದಳು: ಕಲಿತದ್ದು, ಲೈಸೆನ್ಸು ಬಂದದ್ದು, ಆವತ್ತಿನಿಂದ ಪ್ರತಿ ಮಂಗಳವಾರ ತನ್ನ ಅಕ್ಕನ ಮನೆಗೆ ಹೋಗಿ, ಶೆಡ್ಡಿನಲ್ಲಿ ಸುಮ್ಮನೆ ನಿಂತಿದ್ದ ಅಕ್ಕನ ಕಾರು ತೆಗೆದು ಇಬ್ಬರೂ ತಿರುಗಾಡಿ ಬರುತ್ತಿದ್ದದ್ದು.

ಮಂಗಳವಾರ ಅಕ್ಕತಂಗಿಯರು ಕೂತು ಸ್ವೆಟರು ಹೆಣೆಯುತ್ತಾರೆ ಎಂದು ಮಾಸ್ತರು ತಿಳಿದುಕೊಂಡಿದ್ದರು. ಇಷ್ಟು ವರ್ಷಗಳಲ್ಲಿ ಒಂದು ಸ್ವೆಟರೂ ಮನೆಗೆ ಬಂದಿರಲಿಲ್ಲ ಎನ್ನುವುದು ಈಗ ಹೊಳೆಯಿತು.

ಆ ದಿನ ಹಿಂದಿನ ಸೀಟಿನಲ್ಲಿ ಮಾತಿರಲಿಲ್ಲ. ಮರುದಿನವೂ ಇರಲಿಲ್ಲ. ಮಾಸ್ತರು ಮುನಿಸಿಕೊಂಡಿದ್ದರು. ಆದರೆ ಮುನಿಸನ್ನು ಸರಿಯಾಗಿ ನಡೆಸುವುದಕ್ಕೂ ನೆಟ್ಟಗಿನ ಬೆನ್ನು ಬೇಕು. ಎದ್ದು ದಢದಢ ನಡೆದು ಬಾಗಿಲು ಹಾಕಿಕೊಳ್ಳಬೇಕು. ಇವರು ಎದ್ದು, ಗೋಡೆ ಹಿಡಿದು, ಉಸಿರು ಬಿಟ್ಟು, ಬಾಗಿಲಿನ ತನಕ ಹೋಗುವ ಹೊತ್ತಿಗೆ ಸಿಟ್ಟು ಅರ್ಧ ದಾರಿಯಲ್ಲೇ ಇಳಿದಿರುತ್ತಿತ್ತು. ಹೆಂಡತಿ ಮಾತಿಲ್ಲದೆಯೇ ಚಾಪೆ ಹಾಸುತ್ತಿದ್ದಳು, ಅವರು ಮಾತಿಲ್ಲದೆಯೇ ಬೋರಲು ಮಲಗಿ ಎದೆಯೆತ್ತುತ್ತಿದ್ದರು. ನೋವು ಒಂದೇ ಸಲ ಹೋಗಲಿಲ್ಲ. ಹಟಮಾರಿ ಬಾಡಿಗೆದಾರನ ಹಾಗೆ ಒಂದೊಂದೇ ಕೋಣೆ ಖಾಲಿ ಮಾಡಿತು. ಮೊದಲು ಹಿಮ್ಮಡಿ ಬಿಟ್ಟಿತು, ಆಮೇಲೆ ಮೀನಖಂಡ, ತೊಡೆ. ಸೊಂಟದಲ್ಲಿ ಮಾತ್ರ ಒಂದು ಗಂಟುಮೂಟೆ ಇಟ್ಟುಕೊಂಡು ಕೂತಿತ್ತು. ಹೀಗೆ ಮೇಲೆ ಸರಿಯುವುದು ಒಳ್ಳೆಯ ಲಕ್ಷಣ ಅಂದಳು ಡಾಕ್ಟರಮ್ಮ. ಕಾಲು ತೇಲಿಸಿ ಕೂರುವುದು ಬಿಡದಿದ್ದರೆ ಮತ್ತೆ ಕೆಳಗಿಳಿಯುತ್ತದೆ ಎಂದೂ ಅಂದಳು.

ನಡೆಯಬೇಕೆಂದು ಅಪ್ಪಣೆಯಾಗಿತ್ತಲ್ಲ, ಒಂದು ಬೆಳಿಗ್ಗೆ ನಡೆಯುತ್ತ ಮಾಸ್ತರು ತಿರುವಿನ ತನಕ ಹೋದರು. ಕಾಲು ತಾನಾಗಿ ಹೋಯಿತೆಂದು ಆಮೇಲೆ ಹೇಳಿಕೊಂಡರು. ಹಾಡುಗಾರ ಕಾರು ಒರೆಸುತ್ತಿದ್ದವನು ಗುರುಗಳನ್ನು ಕಂಡು ಕೈಯಲ್ಲಿದ್ದ ಸಿಗರೇಟನ್ನು ಒಣ ಬಟ್ಟೆಯೊಳಗೆ ಅಡಗಿಸಿದ. ಅವನ ತಲೆಗೂದಲೂ ನರೆತಿತ್ತು. ಮಾಸ್ತರು ಬಯ್ಯುವುದಕ್ಕೆ ಎಲ್ಲವನ್ನೂ ಜೋಡಿಸಿಕೊಂಡು ಬಂದಿದ್ದರು. ಬಟ್ಟೆಯಿಂದ ಹೊಗೆ ಬರುವುದನ್ನು ನೋಡುತ್ತಿದ್ದಂತೆ ಜೋಡಿಸಿದ್ದೆಲ್ಲ ಚೆದುರಿಹೋಯಿತು.

"ನನ್ನ ಹೆಂಡತಿಗೆ ಏನು ಕಲಿಸಿದೆ ನೀನು?" ಅಂದರು.

"ಕಲಿಸೋಕೆ ಏನಿತ್ತು ಸಾರ್," ಅಂದ ಹಾಡುಗಾರ. "ಕ್ಲಚ್ಚು, ಗೇರು, ಕನ್ನಡಿ, ಎಲ್ಲ ನೀವೇ ಹೇಳಿಕೊಟ್ಟಿದ್ರಿ, ಚೆನ್ನಾಗೇ ಬರ್ತಿತ್ತು. ನಾನು ಪಕ್ಕದಲ್ಲಿ ಕೂತು ಹಾಡು ಹೇಳ್ತಿದ್ದೆ, ಅಷ್ಟೆ. ಬ್ರೇಕು ಒತ್ತಬಾರದು ಅಂತ ಕಾಲು ಮಡಿಸಿ ಕೂತ್ಕೊಂಡಿದ್ದೆ."

"ಹೆದರಿಕೆ ಆಗಲಿಲ್ವಾ ನಿನಗೆ?"

"ಆಗದೆ ಇರತ್ತಾ ಸಾರ್. ಅದಕ್ಕೇ ಅಲ್ವಾ ಹಾಡ್ತಾ ಇದ್ದದ್ದು."

ಇದು ಹೊಗಳಿಕೆಯೋ ತೆಗಳಿಕೆಯೋ ಎಂದು ಯೋಚಿಸುತ್ತ ಮಾಸ್ತರು ಮನೆಯ ಕಡೆ ತಿರುಗಿದರು. ಬಟ್ಟೆ ಸುಡುತ್ತಿದೆ ಎಂದು ಹೇಳಬೇಕಿತ್ತೆಂಬುದು ಅರ್ಧ ದಾರಿಯಲ್ಲಿ ನೆನಪಾಯಿತು.

ಮಂಗಳವಾರ ಮಧ್ಯಾಹ್ನ ಹೆಂಡತಿ ಸೀರೆ ಬದಲಿಸಿ ಹೊರಡುವಾಗ ಮಾಸ್ತರು ಬಾಗಿಲಲ್ಲಿ ನಿಂತಿದ್ದರು. ಷೂ ಹಾಕಿಕೊಂಡಿದ್ದರು. ಎಲ್ಲಿಗೆ ಹೋಗುತ್ತೀರಿ ನೀವಿಬ್ಬರು ಎಂದು ಕೇಳಿದರು. ಅಕ್ಕನಿಗೆ ಶೀತ, ಇವತ್ತು ಬರುವುದಿಲ್ಲ, ಸುಮ್ಮನೆ ನೋಡಿ ಬರೋಣವೆಂದು ಹೊರಟೆ ಅಂದಳು.

"ಕ್ಲಾಸಿನ ಕಾರು ಇದೆಯಲ್ಲ," ಅಂದರು ಮಾಸ್ತರು. "ನಾನೂ ಬರ್ತೀನಿ."

"ಹೆಚ್ಚು ಹೊತ್ತು ಕೂರಬಾರದು ನೀವು."

"ಮಧ್ಯೆ ನಿಲ್ಲಿಸು."

ಆ ದಿನ ಅವರು ಹಿಂದೆ ಮಲಗಲಿಲ್ಲ, ಪಕ್ಕದ ಸೀಟಿನಲ್ಲೇ ಕೂತರು. ಊರು ದಾಟುವವರೆಗೆ ಎರಡು ಸಲ ಬಾಯಿ ತೆರೆದರು, ಎರಡು ಸಲವೂ ಆಕಳಿಕೆಯೆಂಬಂತೆ ಮುಚ್ಚಿಕೊಂಡರು. ದೊಡ್ಡ ಸರ್ಕಲ್ಲಿನಲ್ಲಿ ಒಬ್ಬ ಅಡ್ಡ ನುಗ್ಗಿದ. ಮಾಸ್ತರು ಕಣ್ಣು ಮುಚ್ಚಿದರು, ಬ್ರೇಕು ಮಾತ್ರ ಒತ್ತಲಿಲ್ಲ. ಕಣ್ಣು ತೆರೆದಾಗ ಸರ್ಕಲ್ಲು ಹಿಂದೆ ಸರಿದಿತ್ತು. ಅವಳು ಗುನುಗುತ್ತಿದ್ದಳು.

"ಅವತ್ತು ನಾನು ಹಿಂದೆ ಬರಬೇಕಾಗಿತ್ತು," ಅಂದರು ಮಾಸ್ತರು, ರಸ್ತೆಯನ್ನೇ ನೋಡುತ್ತ.

"ಬಂದಿದ್ರೆ ಮತ್ತೆ ಬಯ್ತಿದ್ರಿ," ಅಂದಳು ಹೆಂಡತಿ. ಒಂದಷ್ಟು ದೂರ ಹೋದ ಮೇಲೆ, "ಆದರೂ ಬರಬೇಕಾಗಿತ್ತು," ಎಂದೂ ಅಂದಳು.

ರಸ್ತೆ ಇಳಿದು ಇಳಿದು ಒಂದು ಹೊಳೆಯ ದಂಡೆಗೆ ಬಂದು ಮುಗಿಯಿತು. ಸೇತುವೆಯಿರಲಿಲ್ಲ. ವಾಹನಗಳನ್ನು ಆಚೆ ದಡಕ್ಕೆ ಸಾಗಿಸುವ ಒಂದು ಚಪ್ಪಟೆ ದೋಣಿ ಕಬ್ಬಿಣದ ನಾಲಿಗೆ ಚಾಚಿ ನಿಂತಿತ್ತು. ದೋಣಿಯವನು ಹೆಂಡತಿಯನ್ನು ಕಂಡು ಕೈಯೆತ್ತಿದ, ಪಕ್ಕದಲ್ಲಿದ್ದವರನ್ನು ಕುತೂಹಲದಿಂದ ನೋಡಿದ. ಅವಳು ಒಂದೇ ಸಲಕ್ಕೆ ಕಾರನ್ನು ಹಲಗೆಯ ಮೇಲೇರಿಸಿ, ಸ್ಕೂಟರುಗಳ ನಡುವೆ ನಿಲ್ಲಿಸಿ, ಎಂಜಿನ್ ಆರಿಸಿ, ಕೀ ತೆಗೆದು ಸೆರಗಿಗೆ ಸಿಕ್ಕಿಸಿಕೊಂಡಳು.

"ಇಳೀರಿ, ಕೂತಿದ್ದು ಸಾಕು," ಅಂದಳು.

ಮಾಸ್ತರು ಬಾಗಿಲು ತೆಗೆದು, ಒಂದು ಕಾಲು, ಆಮೇಲೆ ಇನ್ನೊಂದು ಕಾಲು ಹೊರಗಿಟ್ಟು ಇಳಿದರು. ದೋಣಿ ದಡ ಬಿಟ್ಟಿದ್ದು ಗೊತ್ತೇ ಆಗಲಿಲ್ಲ. ಗಾಳಿ ತಂಪಾಗಿತ್ತು. ಇಬ್ಬರೂ ಕಂಬಿಗೆ ಒರಗಿ ನಿಂತರು. ಸ್ವಲ್ಪ ಹೊತ್ತಿನ ಮೇಲೆ ಮಾಸ್ತರು ತಿರುಗಿ ನೋಡಿದರು. ಎರಡೂ ಬಾಗಿಲು ತೆರೆದುಕೊಂಡು, ಒಳಗೆ ಯಾರೂ ಇಲ್ಲದ ಕಾರು ತನ್ನ ಪಾಡಿಗೆ ತಾನು ಹೊಳೆ ದಾಟುತ್ತಿತ್ತು.